110 ಬಿಲ್ಲೆಯ ಮಾತು

ಪೋಕರ್ ಆಡದವರು ಪೋಕರ್ ಬಗ್ಗೆ ಮಾತಾಡಿದರೆ ಮೊದಲು ಬರುವುದು ಮುಖದ ವಿಷಯ. ಮುಖದಲ್ಲಿ ಏನೂ ಕಾಣಿಸದ ಹಾಗೆ ಕೂತರೆ ಸಾಕು, ಗೆಲ್ಲಬಹುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮುಖ ನೋಡಿ ಎಲೆ ಹೇಳುವವರನ್ನು ನಮ್ಮ ಮೇಜಿನಲ್ಲಂತೂ ನಾನು ಕಂಡಿಲ್ಲ. ಗುಟ್ಟು ಹೊರಗೆ ಬರುವುದು ಬೆಟ್‌ನ ಅಳತೆಯಿಂದ. ಈಗ ಎಷ್ಟು ಬಿಲ್ಲೆ ಮುಂದೆ ತಳ್ಳಿದರು, ಅದಕ್ಕೆ ಮೊದಲಿನ ಸುತ್ತುಗಳಲ್ಲಿ ಏನು ಮಾಡಿದ್ದರು, ಎರಡಕ್ಕೂ ಹೊಂದಾಣಿಕೆ ಇದೆಯಾ? ಇಷ್ಟು ನೋಡಲು ಬಂದರೆ ಎದುರಿನವರು ಕಪ್ಪು ಕನ್ನಡಕ ಹಾಕಿ ಕೂತರೂ ತೊಂದರೆಯಿಲ್ಲ.

ನಾವು ಆಡುವುದು ಮಂಗಳೂರಿನ ಮಣ್ಣಗುಡ್ಡೆಯಲ್ಲಿ, ಗೆಳೆಯನ ಮನೆಯ ಚಾವಡಿಯಲ್ಲಿ. ಮಳೆಗಾಲದ ಸಂಜೆಗಳಲ್ಲಿ ಜಾಸ್ತಿ. ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ಮಳೆ, ಒಳಗೆ ಬಿಸಿ ಗೋಳಿಬಜೆ, ಮೇಜಿನ ಮೇಲೆ 52 ಎಲೆ. ದುಡ್ಡು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಇಸ್ಪೀಟು ಅಂದ ಕೂಡಲೇ ಹಿರಿಯರ ಮುಖ ಬದಲಾಗುತ್ತದೆ, ಅದಕ್ಕೆ ಕಾರಣವೂ ಇದೆ. ಕೋಳಿ ಅಂಕದ ಬಾಜಿಯಲ್ಲಿ, ಇಸ್ಪೀಟಿನಲ್ಲಿ, ಈಚೆಗೆ ಮೊಬೈಲಿನ ರಮ್ಮಿಯಲ್ಲಿ ಕೈ ಸುಟ್ಟುಕೊಂಡ ಮನೆಗಳು ಕಡಿಮೆ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ನನಗೆ ಅದರ ಬಗ್ಗೆ ತಕರಾರಿಲ್ಲ. ನನಗೆ ಇಷ್ಟವಾಗುವುದು ಈ ಆಟದ ಒಳಗಿನ ಯೋಚನೆ. ಅದಕ್ಕೆ ದುಡ್ಡು ಬೇಡ.

ಆದರೆ ಕಳೆದುಕೊಳ್ಳಲು ಏನಾದರೂ ಬೇಕು. ಏನೂ ಹೋಗುವುದಿಲ್ಲ ಅಂತಾದರೆ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರೆ, ಅಂದರೆ ಎದುರಿನವರ ಬೆಟ್‌ನಷ್ಟೇ ತಾವೂ ಹಾಕುತ್ತಾರೆ, ಆಗ ಬ್ಲಫ್, ಅಂದರೆ ಕೈಯಲ್ಲಿ ಏನೂ ಇಲ್ಲದೆ ಹಾಕುವ ಸುಳ್ಳು ಬೆಟ್, ಎನ್ನುವುದೇ ಸತ್ತುಹೋಗುತ್ತದೆ. ಅದಕ್ಕೆ ನಾವೊಂದು ನಿಯಮ ಮಾಡಿಕೊಂಡಿದ್ದೇವೆ. ಒಬ್ಬೊಬ್ಬರಿಗೆ 200 ಪ್ಲಾಸ್ಟಿಕ್ ಬಿಲ್ಲೆ. ಮುಗಿದರೆ ಮತ್ತೆ ಕೊಡುವುದಿಲ್ಲ. ಬಿಲ್ಲೆ ಮುಗಿದವರು ಎದ್ದು ಹೋಗಿ ಉಳಿದವರಿಗೆ ಚಹಾ ಮಾಡಬೇಕು, ಆಮೇಲೆ ಆ ಸಂಜೆಯೆಲ್ಲ ನೋಡುತ್ತಾ ಕೂರಬೇಕು. ಆಟದ ಹುಚ್ಚಿರುವವರಿಗೆ ಈ ನೋಡುತ್ತಾ ಕೂರುವ ಶಿಕ್ಷೆ ಸಣ್ಣದಲ್ಲ.

ನಾವು ಆಡುವ ಪೋಕರ್ ಟೆಕ್ಸಸ್ ಹೋಲ್ಡೆಮ್. ಅದು ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್, ಆಮೇಲೆ ಒಂದು, ಟರ್ನ್, ಕೊನೆಗೆ ಇನ್ನೊಂದು, ರಿವರ್. ಪ್ರತಿ ಹಂತದಲ್ಲೂ ಬೆಟ್ ಮಾಡಬಹುದು, ಏನೂ ಹಾಕದೆ ಸುಮ್ನೆ ಚೆಕ್ ಅನ್ನಬಹುದು, ಬೇರೆಯವರ ಬೆಟ್‌ಗೆ ಕಾಲ್ ಮಾಡಬಹುದು, ಇಲ್ಲ ಎಲೆ ಎಸೆದು ಫೋಲ್ಡ್ ಆಗಬಹುದು. ಏಳು ಎಲೆಯಲ್ಲಿ ಒಳ್ಳೆಯ ಐದು ಯಾರದ್ದೋ ಅವರದ್ದು ಪಾಟ್, ಅಂದರೆ ಎಲ್ಲರೂ ಹಾಕಿದ ಬಿಲ್ಲೆಗಳ ರಾಶಿ. ಅಥವಾ ಉಳಿದವರೆಲ್ಲ ಫೋಲ್ಡ್ ಆದರೆ, ಕೊನೆಗೆ ಉಳಿದವರದ್ದು. ಸುಳ್ಳಿಗೆ ಜಾಗ ಸಿಗುವುದು ಈ ಎರಡನೆಯ ದಾರಿಯಲ್ಲಿ.

ನಾನು ಬರೆಯಬೇಕೆಂದುಕೊಂಡದ್ದು ಒಂದೇ ಒಂದು ಕೈಯ ಬಗ್ಗೆ. ಎದುರಿಗೆ ನಮ್ಮ ಮಾಸ್ಟ್ರು. ಶಾಲೆಯಿಂದ ನಿವೃತ್ತರಾದವರು, ತಾಳಮದ್ದಳೆಯಲ್ಲಿ ಹವ್ಯಾಸಿ ಅರ್ಥಧಾರಿ, ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು.

ನನ್ನ ಕೈಯಲ್ಲಿ ಸ್ಪೇಡ್ ಎಕ್ಕ ಮತ್ತು ಆಟೀನ್ ಗುಲಾಮ. ನಾನು 6ಕ್ಕೆ ಏರಿಸಿದೆ. 2ರ ಬ್ಲೈಂಡ್‌ನಲ್ಲಿದ್ದ, ಅಂದರೆ ಎಲೆ ನೋಡುವ ಮೊದಲೇ ಕಡ್ಡಾಯವಾಗಿ 2 ಹಾಕಿದ್ದ, ಮಾಸ್ಟ್ರು ಮಾತ್ರ ಕಾಲ್ ಮಾಡಿದರು. 1 ಹಾಕಿದ್ದವರು ಬಿಟ್ಟುಕೊಟ್ಟರು. ಪಾಟ್ 13. ಫ್ಲಾಪ್‌ನಲ್ಲಿ ಸ್ಪೇಡ್ ಗುಲಾಮ, ಸ್ಪೇಡ್ 8, ಡೈಮಂಡ್ 3 ಬಂತು. ಮಾಸ್ಟ್ರು ಚೆಕ್. ನನಗೆ ಗುಲಾಮನ ಜೋಡಿ ಸಿಕ್ಕಿತ್ತು, 5 ಹಾಕಿದೆ. ಅವರು ಕಾಲ್. ಪಾಟ್ 23. ಟರ್ನ್‌ನಲ್ಲಿ ಆಟೀನ್ 2. ಯಾರಿಗೂ ಉಪಯೋಗವಿಲ್ಲದ ಎಲೆ. ಮತ್ತೆ ಚೆಕ್, ನಾನು 16, ಅವರು ಸ್ವಲ್ಪ ತಡೆದು ಕಾಲ್. ಪಾಟ್ 55. ರಿವರ್‌ನಲ್ಲಿ ಸ್ಪೇಡ್ 4. ಈಗ ಮಧ್ಯದಲ್ಲಿ ಮೂರು ಸ್ಪೇಡ್. ಯಾರ ಕೈಯಲ್ಲಾದರೂ ಎರಡು ಸ್ಪೇಡ್ ಇದ್ದರೆ ಅವರಿಗೆ ಐದೂ ಸ್ಪೇಡ್, ಅಂದರೆ ಫ್ಲಶ್ ಆಯಿತು, ನನ್ನ ಗುಲಾಮನ ಜೋಡಿ ಲೆಕ್ಕಕ್ಕೇ ಇಲ್ಲ.

ಅಲ್ಲಿಯವರೆಗೆ ಚೆಕ್, ಚೆಕ್ ಅನ್ನುತ್ತಿದ್ದ ಮಾಸ್ಟ್ರು ಈ ಸಲ ನನ್ನ ಸರದಿಗೆ ಕಾಯಲಿಲ್ಲ. ಬಿಲ್ಲೆಗಳನ್ನು ಎಣಿಸಿ 110 ಮುಂದಿಟ್ಟರು. ಪಾಟ್‌ನ ಎರಡು ಪಾಲು, ಅಂದರೆ ಎರಡರಷ್ಟು.

ಮೊದಲು ಬರೀ ಲೆಕ್ಕ ನೋಡೋಣ. ನಾನು 110 ಹಾಕಿದರೆ ಒಟ್ಟು ಪಾಟ್ 275 ಆಗುತ್ತದೆ. 275ರಲ್ಲಿ 110 ಅಂದರೆ ಶೇಕಡಾ 40. ಅಂದರೆ ಇಂಥ ಬೆಟ್‌ಗಳಲ್ಲಿ ನೂರಕ್ಕೆ 40ರಷ್ಟು ಸುಳ್ಳು ಅಂತಾದರೆ ನನಗೆ ಕಾಲ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದಕ್ಕಿಂತ ಜಾಸ್ತಿ ಸುಳ್ಳಿದ್ದರೆ ಕಾಲ್ ಲಾಭ, ಕಡಿಮೆಯಿದ್ದರೆ ನಷ್ಟ. ಇದೇ ಮಾಸ್ಟ್ರು ಪಾಟ್‌ನಷ್ಟೇ, ಅಂದರೆ 55 ಹಾಕಿದ್ದರೆ ಈ ಗೆರೆ ಶೇಕಡಾ 33ಕ್ಕೆ ಇಳಿಯುತ್ತಿತ್ತು. ಅರ್ಧ ಪಾಟ್ ಹಾಕಿದ್ದರೆ 25ಕ್ಕೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಯಾಕೆಂದರೆ ಈ ವಿಷಯ ನನ್ನ ತಲೆಯೊಳಗೆ ಹೋಗಲು ತುಂಬಾ ಸಮಯ ಹಿಡಿಯಿತು. ದೊಡ್ಡ ಬೆಟ್ ಅಂದರೆ ಸುಮ್ನೆ ಹೆದರಿಸುವುದು ಅಂತ ನಾನು ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. ಬೆಟ್ ದೊಡ್ಡದಾದಷ್ಟೂ ಅದರೊಳಗೆ ನ್ಯಾಯವಾಗಿ ಸೇರಿಸಬಹುದಾದ ಸುಳ್ಳಿನ ಪಾಲೂ ದೊಡ್ಡದಾಗುತ್ತದೆ. ಅರ್ಧ ಪಾಟ್ ಹಾಕುವವನು ಮೂರು ನಿಜಕ್ಕೆ ಒಂದು ಸುಳ್ಳು ಹೇಳಬಹುದು. ಪಾಟ್‌ನ ಎರಡು ಪಾಲು ಹಾಕುವವನು ಮೂರು ನಿಜಕ್ಕೆ ಎರಡು ಸುಳ್ಳು ಹೇಳಬಹುದು. ಆದರೆ ಆ ಸುಳ್ಳಿಗೆ ಅವನು ಒಡ್ಡುವ ಬಿಲ್ಲೆಯೂ ಅಷ್ಟೇ ಜಾಸ್ತಿ. ಅರ್ಧ ಪಾಟ್‌ನ ಸುಳ್ಳು ಮೂರು ಸಲದಲ್ಲಿ ಒಂದು ಸಲ ನಡೆದರೆ ಅಸಲು ಬಂತು. ಎರಡು ಪಾಲಿನ ಸುಳ್ಳು ಮೂರು ಸಲದಲ್ಲಿ ಎರಡು ಸಲ ನಡೆಯಬೇಕು.

ಲೆಕ್ಕ ಇಷ್ಟೇ. ಕಷ್ಟ ಇರುವುದು ಮುಂದೆ. ಮಾಸ್ಟ್ರ ಆ 110ರಲ್ಲಿ ಸುಳ್ಳಿನ ಪಾಲು ಎಷ್ಟು?

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಭಾಗವತರು ಹಾಡುವ ಪದ್ಯ ಎಲ್ಲರಿಗೂ ಒಂದೇ. ಪ್ರಸಂಗದ ಕತೆ ಸಭೆಯಲ್ಲಿ ಕೂತವರಿಗೆ ಮೊದಲೇ ಗೊತ್ತು. ಅರ್ಥ ಮಾತ್ರ ಅರ್ಥಧಾರಿಯ ಸ್ವಂತದ್ದು, ಅಲ್ಲೇ ಹುಟ್ಟುವಂಥದ್ದು. ಮೇಜಿನ ಮಧ್ಯದ ಐದು ಎಲೆ ಆ ಪದ್ಯದ ಹಾಗೆ, ಬೆಟ್ ಅರ್ಥದ ಹಾಗೆ. ಎರಡು ಪದ್ಯಕ್ಕೆ ಮೆತ್ತಗೆ ಉತ್ತರ ಕೊಟ್ಟ ವಾಲಿ ಮೂರನೆಯ ಪದ್ಯಕ್ಕೆ ಒಮ್ಮೆಲೇ ಗುಡುಗಿದರೆ ಕೇಳುವವರು ಕಾರಣ ಹುಡುಕುತ್ತಾರೆ. ಪದ್ಯದಲ್ಲಿ ಕಾರಣ ಇದ್ದರೆ ಚಪ್ಪಾಳೆ ಬೀಳುತ್ತದೆ. ಇಲ್ಲದಿದ್ದರೆ ಅರ್ಥಧಾರಿಯ ಬಳಿ ವಾದ ಮುಗಿದಿದೆ ಅಂತ ಗೊತ್ತಾಗಿಬಿಡುತ್ತದೆ.

ಮಾಸ್ಟ್ರ ಗುಡುಗಿಗೆ ಕಾರಣ ಇತ್ತು, ಸ್ಪೇಡ್ 4. ಫ್ಲಶ್‌ಗೆ ಒಂದು ಎಲೆ ಕಾಯುತ್ತಿದ್ದವರು ಫ್ಲಾಪ್‌ನಲ್ಲಿ ಕಾಲ್, ಟರ್ನ್‌ನಲ್ಲಿ ಕಾಲ್, ಎಲೆ ಬಂದ ಮೇಲೆ ಬೆಟ್. ಕತೆ ನೇರವಾಗಿ ಕೂರುತ್ತದೆ. ಕೂರದೆ ಇದ್ದದ್ದು ಅಳತೆ. ಸಾಧಾರಣ ಫ್ಲಶ್ ಇದ್ದವರು, ಅಂದರೆ ಸ್ಪೇಡ್‌ನ 7 ಮತ್ತು 6 ಇಟ್ಟುಕೊಂಡವರು, ಪಾಟ್‌ನ ಎರಡು ಪಾಲು ಹಾಕುತ್ತಾರಾ? ನನಗಿಂತ ದೊಡ್ಡ ಫ್ಲಶ್ ಎದುರಿಗಿದ್ದರೆ ಅನ್ನುವ ಅಳುಕು ಅವರಿಗೆ ಇರುತ್ತದೆ. ಅವರು 25, 30 ಹಾಕಿ ನನ್ನಿಂದ ಕಾಲ್ ಪಡೆಯಲು ನೋಡುತ್ತಾರೆ. 110 ಹಾಕುವುದಕ್ಕೆ ಮನಸ್ಸು ಗಟ್ಟಿಯಿರುವುದು ಯಾರಿಗೂ ಹೆದರಬೇಕಿಲ್ಲದ ಫ್ಲಶ್ ಇದ್ದವರಿಗೆ, ಅಂದರೆ ಎಕ್ಕದ ಫ್ಲಶ್ ಇದ್ದವರಿಗೆ. ಆ ಎಕ್ಕ ನನ್ನ ಕೈಯಲ್ಲಿತ್ತು.

ಇದನ್ನು ಎಣಿಸಿಯೇ ನೋಡಬಹುದು. ಮಧ್ಯದಲ್ಲಿ ಮೂರು ಸ್ಪೇಡ್ ಹೋದರೆ ಹೊರಗೆ ಉಳಿಯುವುದು 10. ಹತ್ತು ಎಲೆಯಿಂದ 45 ಜೋಡಿ ಮಾಡಬಹುದು. ಎಕ್ಕ ನನ್ನಲ್ಲಿ ಇರುವುದರಿಂದ ಉಳಿದದ್ದು 9 ಎಲೆ, 36 ಜೋಡಿ. ಹೋದದ್ದು 9 ಜೋಡಿ ಮಾತ್ರ, ಸಣ್ಣ ಸಂಖ್ಯೆ ಅನಿಸುತ್ತದೆ. ಆದರೆ ಆ 36ರಲ್ಲಿ ಎಷ್ಟೋ ಜೋಡಿಗಳನ್ನು, ಸ್ಪೇಡ್‌ನ 9 ಮತ್ತು 2ರಂಥವನ್ನು, ಮಾಸ್ಟ್ರು ಆರಂಭದಲ್ಲೇ ಎಸೆದಿರುತ್ತಾರೆ. ಎಕ್ಕ ಸೇರಿದ ಸ್ಪೇಡ್ ಜೋಡಿಯನ್ನು ಯಾರೂ ಎಸೆಯುವುದಿಲ್ಲ. ಹಾಗಾಗಿ ಹೋದ ಒಂಬತ್ತು ಜೋಡಿಗಳೇ ಈ ಅಳತೆಯ ಬೆಟ್‌ಗೆ ಅತಿ ಹೆಚ್ಚು ಒಪ್ಪುವಂಥವು.

ಒಂದು ತೊಡಕನ್ನೂ ಹೇಳಬೇಕು. ಸ್ಪೇಡ್ ಎಕ್ಕ ಒಂದನ್ನೇ ಇಟ್ಟುಕೊಂಡು, ಫ್ಲಶ್ ಇಲ್ಲದೆ ಬ್ಲಫ್ ಮಾಡುವುದು ಚತುರರ ಆಟ. ಎಕ್ಕ ತಮ್ಮ ಹತ್ತಿರ ಇದೆ, ಹಾಗಾಗಿ ಎದುರಿನವರಿಗೆ ದೊಡ್ಡ ಫ್ಲಶ್ ಇಲ್ಲ ಅಂತ ಅವರಿಗೆ ಖಚಿತ ಗೊತ್ತಿರುತ್ತದೆ. ನನ್ನ ಕೈಯ ಎಕ್ಕ ಆ ಸುಳ್ಳನ್ನೂ ಅಳಿಸಿಹಾಕುತ್ತದೆ. ಒಂದೇ ಎಲೆ ನಿಜವನ್ನೂ ಕಡಿಮೆ ಮಾಡುತ್ತದೆ, ಸುಳ್ಳನ್ನೂ ಕಡಿಮೆ ಮಾಡುತ್ತದೆ. ಮಾಸ್ಟ್ರು ಎಕ್ಕ ಹಿಡಿದು ಅಂಥ ಬ್ಲಫ್ ಮಾಡಿದ್ದನ್ನು ನಾನು ನೋಡಿರಲಿಲ್ಲ, ಹಾಗಾಗಿ ನಿಜದ ಕಡೆಯೇ ಜಾಸ್ತಿ ಇಳಿಯಿತು ಅಂತ ತೂಗಿದೆ.

ಇನ್ನು ಸುಳ್ಳಿನ ಕಡೆ. ಗುಲಾಮ ಮತ್ತು 8 ಇರುವ ಫ್ಲಾಪ್‌ನಲ್ಲಿ 10 ಮತ್ತು 9 ಹಿಡಿದವರು ರಾಣಿಗೋ 7ಕ್ಕೋ ಕಾಯುತ್ತಾರೆ, ಸಾಲು ಪೂರ್ತಿಯಾಗಲು. ಅಂಥ ಜೋಡಿ ಒಟ್ಟು 16. ಎರಡೂ ಸ್ಪೇಡ್ ಆಗಿರುವ ಒಂದನ್ನು ಬಿಟ್ಟರೆ 15, ಎಲ್ಲವೂ ರಿವರ್‌ನಲ್ಲಿ ಬರಿಗೈ. ಮಾಸ್ಟ್ರಿಗೆ 10 ಮತ್ತು 9 ಅಂದರೆ ಪ್ರೀತಿ, ಬ್ಲೈಂಡ್‌ನಲ್ಲಿ ಬಂದರೆ ಬಿಡುವವರಲ್ಲ. ಹಾಗಾದರೆ ಸುಳ್ಳು ಹೇಳಲು ಬೇಕಾದಷ್ಟು ಎಲೆ ಅವರ ಹತ್ತಿರ ಇರಬಹುದು, ಈ ಅಳತೆಗೆ ತಕ್ಕ ನಿಜ ಕಡಿಮೆ. ಶೇಕಡಾ 40ರ ಗೆರೆ ದಾಟುತ್ತದೆ ಅನಿಸಿತು. ಕಾಲ್ ಮಾಡಿದೆ.

ಅವರು ಕ್ಲಾವರ್‌ನ 10 ಮತ್ತು 9 ತಿರುಗಿಸಿದರು.

ಆಮೇಲೆ ಚಹಾ ಕುಡಿಯುತ್ತಾ ಕೇಳಿದೆ, "ನೂರಹತ್ತು ಎಂತಕ್ಕೆ ಮಾಸ್ಟ್ರೇ? ನಲವತ್ತು ಹಾಕ್ಲಿಕ್ಕೆ ಆಗ್ತಿತ್ತಲ್ಲ?"

"ನಲವತ್ತು ಹಾಕಿದ್ರೆ ನೀನು ಯೋಚನೆಯೇ ಮಾಡ್ತಿರ್ಲಿಲ್ಲ ಮಾರಾಯ, ನೋಡುವ ಅಂತ ಕಾಲ್ ಮಾಡ್ತಿದ್ದಿ. ಮತ್ತೆ ಇನ್ನೊಂದು ಉಂಟು. ಟರ್ನಿನಲ್ಲಿ ನಾನು ಕಾಲ್ ಮಾಡಿದ್ದು ರಾಣಿಗೆ, ಏಳಕ್ಕೆ ಮಾತ್ರ ಅಲ್ಲ. ಸ್ಪೇಡ್ ಬಂದ್ರೂ ಅದು ನಂದೇ ಅಂತ ಹೇಳ್ಬಹುದಲ್ಲ."

ಈ ಎರಡನೆಯ ಮಾತು ನನಗೆ ತುಂಬಾ ದೊಡ್ಡದು ಅನಿಸಿತು. ಟರ್ನ್‌ನಲ್ಲಿ ಅವರಿಗೆ ಕಾಣದ ಎಲೆ 46, ಅದರಲ್ಲಿ ನಿಜವಾಗಿ ಸಹಾಯ ಮಾಡುವುದು 8, ಶೇಕಡಾ 17. ಅವರು ಕೊಟ್ಟ ಬೆಲೆ 55ರಲ್ಲಿ 16, ಶೇಕಡಾ 29. ಬರೀ ಎಂಟು ಎಲೆಯ ಮೇಲೆ ಆ ಕಾಲ್ ನಿಲ್ಲುವುದಿಲ್ಲ. ಅವರು ತಮ್ಮದಲ್ಲದ ಸ್ಪೇಡ್‌ಗಳನ್ನೂ ಎರವಲು ಪಡೆದು ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ಅಂದರೆ ರಿವರ್‌ನ ಸುಳ್ಳು ರಿವರ್‌ನಲ್ಲಿ ಹುಟ್ಟಿದ್ದಲ್ಲ. ಒಂದು ಸುತ್ತು ಮೊದಲೇ ಅದಕ್ಕೆ ಜಾಗ ಮಾಡಿಟ್ಟಿದ್ದರು. ಒಳ್ಳೆಯ ಬ್ಲಫ್ ಹೀಗೇ ಇರಬೇಕು. ಕೊನೆಯಲ್ಲಿ ಬೇರೆ ದಾರಿ ಕಾಣದೆ ಮಾಡುವ ಬ್ಲಫ್ ಹಿಂದಿನ ಸುತ್ತುಗಳಿಗೆ ಹೊಂದುವುದೇ ಇಲ್ಲ.

ಈ ವಿಷಯವನ್ನು ಗಣಿತದಲ್ಲಿ ಮೊದಮೊದಲು ಕೂರಿಸಿದವರಲ್ಲಿ ಒಬ್ಬರು ಗಣಿತಜ್ಞ ಜಾನ್ ವಾನ್ ನ್ಯೂಮನ್. 1928ರಲ್ಲಿ ಇಂಥ ಆಟಗಳ ಸಿದ್ಧಾಂತದ ಬಗ್ಗೆ ಲೇಖನ ಬರೆದರು. 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಬರೆದ ದೊಡ್ಡ ಪುಸ್ತಕದಲ್ಲಿ ಪೋಕರ್‌ಗಾಗಿ ಒಂದು ಅಧ್ಯಾಯದ ದೊಡ್ಡ ಭಾಗವನ್ನೇ ಇಟ್ಟರು. ಬ್ಲಫ್‌ಗೆ ಅವರು ಕೊಡುವ ಕಾರಣ ಎರಡು. ಕೈ ಬಲವಿಲ್ಲದಾಗ ಬಲವಿದೆ ಅಂತ ನಂಬಿಸುವುದು ಒಂದು. ಬಲವಿದ್ದಾಗಲೂ ಇಲ್ಲವೇನೋ ಎಂಬ ಅನುಮಾನ ಹುಟ್ಟಿಸುವುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದು ನನಗೆ ಅರ್ಥವಾದದ್ದು ಮಾಸ್ಟ್ರಿಂದಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಯಾವ ಕೈಯಲ್ಲಿ ಸುಳ್ಳು ಹೇಳಬೇಕು ಅನ್ನುವುದನ್ನು ತಿಳಿಯಲು ಒಂದು ಪುಟ್ಟ ಆಟ ಇದೆ. ಗಣಿತಜ್ಞ ಹೆರಾಲ್ಡ್ ಕೂನ್ 1950ರಲ್ಲಿ ಬರೆದದ್ದು. ನಾವು ಇದನ್ನು ಚಾವಡಿಯಲ್ಲಿ ಆಡಿ ನೋಡಿದ್ದೇವೆ, ನೀವೂ ಆಡಬಹುದು. ಮೂರೇ ಎಲೆ: ರಾಜ, ರಾಣಿ, ಗುಲಾಮ. ಇಬ್ಬರು ಆಟಗಾರರು, ತಲಾ ಒಂದು ಎಲೆ, ಮೂರನೆಯದು ಮುಚ್ಚಿಯೇ ಇರುತ್ತದೆ. ಇಬ್ಬರೂ ಮೊದಲೇ ಒಂದೊಂದು ಬಿಲ್ಲೆ ಹಾಕಬೇಕು. ಆಮೇಲೆ ಬೆಟ್ ಮಾಡಿದರೆ ಒಂದೇ ಬಿಲ್ಲೆ. ಅಷ್ಟೇ ಆಟ. ಆದರೆ ಪೋಕರ್‌ನ ಜೀವವೆಲ್ಲ ಇದರೊಳಗಿದೆ.

ಮೊದಲು ಆಡುವವರಿಗೆ ರಾಣಿ ಬಂತು ಅಂತಿಟ್ಟುಕೊಳ್ಳಿ. ಬೆಟ್ ಮಾಡಬೇಕಾ? ಎದುರಿಗೆ ಗುಲಾಮ ಇದ್ದರೆ ಅವರು ಫೋಲ್ಡ್ ಆಗುತ್ತಾರೆ, ನಮಗೆ ಹೆಚ್ಚಿಗೆ ಏನೂ ಸಿಗಲಿಲ್ಲ. ರಾಜ ಇದ್ದರೆ ಕಾಲ್ ಮಾಡುತ್ತಾರೆ, ನಾವು ಸೋತೆವು. ರಾಣಿಯ ಬೆಟ್ ಎರಡೂ ಕಡೆಯಿಂದ ದಂಡ. ಗುಲಾಮನದ್ದು ಹಾಗಲ್ಲ. ಚೆಕ್ ಮಾಡುತ್ತಾ ಕೂತರೆ ಅದು ಗೆಲ್ಲುವುದೇ ಇಲ್ಲ. ಬೆಟ್ ಮಾಡಿದರೆ ಎದುರಿನ ರಾಣಿ ಹೆದರಿ ಎದ್ದುಹೋಗಬಹುದು. ಹಾಗಾಗಿ ಸುಳ್ಳಿಗೆ ಹೇಳಿಮಾಡಿಸಿದ ಎಲೆ ಅತಿ ಕೆಟ್ಟದ್ದು, ಮಧ್ಯದ್ದಲ್ಲ. ಎಷ್ಟು ಸಲ? ಮೊದಲ ಆಟಗಾರ ಗುಲಾಮ ಹಿಡಿದು ಬೆಟ್ ಮಾಡುವುದರ ಮೂರರಷ್ಟು ಸಲ ರಾಜ ಹಿಡಿದು ಬೆಟ್ ಮಾಡಬೇಕು. ಮೇಲೆ ಹೇಳಿದ ಅರ್ಧ ಪಾಟ್‌ನ ಲೆಕ್ಕ ನೆನಪಿದೆಯಾ? ಇಲ್ಲಿ ಪಾಟ್ 2, ಬೆಟ್ 1. ಮೂರು ನಿಜಕ್ಕೆ ಒಂದು ಸುಳ್ಳು. ಪೂರ್ತಿ ಪೋಕರ್‌ನ ಸಂಖ್ಯೆ ಮೂರು ಎಲೆಯ ಆಟದಲ್ಲೂ ಹಾಗೇ ಬಂದು ಕೂತದ್ದನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದಾಗ ನನಗೆ ಮೈ ಜುಂ ಅಂದಿತು.

ಈ ಕಣ್ಣಿನಿಂದ ನಮ್ಮ ಕೈಯನ್ನು ಮತ್ತೆ ನೋಡಿದರೆ, ರಿವರ್‌ನಲ್ಲಿ ನನ್ನ ಗುಲಾಮನ ಜೋಡಿ ಆ ಆಟದ ರಾಣಿ. ಸುಳ್ಳನ್ನು ಮಾತ್ರ ಸೋಲಿಸುತ್ತದೆ, ನಿಜಕ್ಕೆ ಸೋಲುತ್ತದೆ. ಮಾಸ್ಟ್ರ 10 ಮತ್ತು 9 ಆ ಆಟದ ಗುಲಾಮ. ಅವರು ಸುಳ್ಳಿಗೆ ಆರಿಸಿದ ಎಲೆ ಸರಿ ಇತ್ತು. ಸುಳ್ಳಿನ ಸಮಯವೂ ಸರಿ. ಕೊರತೆ ಇದ್ದದ್ದು ಒಂದು ಕಡೆ. ಅಷ್ಟರವರೆಗೆ ನಮ್ಮ ಮೇಜಿನಲ್ಲಿ ಅವರು ನಿಜವಾದ ಫ್ಲಶ್ ಹಿಡಿದು ಪಾಟ್‌ನ ಎರಡು ಪಾಲು ಹಾಕಿದ್ದೇ ಇಲ್ಲ. ಒಳ್ಳೆಯ ಕೈ ಬಂದಾಗ 30, 40. ಬರಿಗೈಯಲ್ಲಿ 110. ಎರಡಕ್ಕೂ ಬೇರೆ ಬೇರೆ ಅಳತೆ ಇಟ್ಟರೆ ಎದುರಿನವರಿಗೆ ಎಲೆ ತೋರಿಸಿಯೇ ಆಡಿದ ಹಾಗೆ. ಅಳತೆ ನಮ್ಮ ಕೈಯನ್ನು ನೋಡಿ ಹುಟ್ಟಬಾರದು. ಮಧ್ಯದ ಎಲೆಗಳನ್ನು, ಅಲ್ಲಿಯವರೆಗಿನ ಕತೆಯನ್ನು ನೋಡಿ ಹುಟ್ಟಬೇಕು. ಆಮೇಲೆ ಆ ಅಳತೆಯೊಳಗೆ ನಿಜ ಎಷ್ಟು, ಸುಳ್ಳು ಎಷ್ಟು ಅಂತ ತುಂಬಬೇಕು.

ಯಂತ್ರಗಳು ಆಡುವುದು ಹೀಗೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟೂಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಮಾಡಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ಜೊತೆ 20 ದಿನ, 1,20,000 ಕೈ ಆಡಿ ಗೆದ್ದಿತು. ಆಟಗಾರರನ್ನು ಕಾಡಿದ ವಿಷಯಗಳಲ್ಲಿ ಒಂದು ಅದರ ಬೆಟ್‌ನ ಅಳತೆ. ಸಣ್ಣ ಪಾಟ್‌ಗೂ ಅದು ಹಲವು ಪಾಲಿನ ಬೆಟ್ ಹಾಕುತ್ತಿತ್ತು. ಅದಕ್ಕೆ ಮುಖವೇ ಇರಲಿಲ್ಲ, ಅಲ್ವಾ? ಒಂದೇ ಅಳತೆಯಲ್ಲಿ ಅತಿ ಒಳ್ಳೆಯ ಕೈಯೂ ಇರುತ್ತಿತ್ತು, ಬರಿಗೈಯೂ ಇರುತ್ತಿತ್ತು. 2019ರಲ್ಲಿ ಅದೇ ಇಬ್ಬರು ಆರು ಜನರ ಮೇಜಿಗಾಗಿ ಪ್ಲುರಿಬಸ್ ಮಾಡಿದರು. ಹಿಂದಿನ ಸುತ್ತಿನಲ್ಲಿ ಸುಮ್ನೆ ಕಾಲ್ ಮಾಡಿ, ಮುಂದಿನ ಸುತ್ತನ್ನು ತಾನೇ ಬೆಟ್‌ನಿಂದ ಶುರು ಮಾಡುವುದನ್ನು ಅನುಭವಿಗಳು ಹೊಸಬರ ಆಟ ಅನ್ನುತ್ತಿದ್ದರು. ಪ್ಲುರಿಬಸ್ ಅದನ್ನು ವೃತ್ತಿಪರರಿಗಿಂತ ಹೆಚ್ಚು ಸಲ ಮಾಡಿತು. ಮಾಸ್ಟ್ರು ರಿವರ್‌ನಲ್ಲಿ ಮಾಡಿದ್ದೂ ಅದನ್ನೇ. ಇದನ್ನು ಓದಿ ಹೇಳಿದ ದಿನ ಅವರಿಗೆ ಆದ ಖುಷಿ ನೋಡಬೇಕಿತ್ತು.

ಈಗ ವಾನ್ ನ್ಯೂಮನ್‌ರ ಎರಡನೆಯ ಕಾರಣ. ಆ ಮಳೆಗಾಲದಲ್ಲೇ ಇನ್ನೊಂದು ಕೈ. ಮತ್ತೆ ರಿವರ್‌ನಲ್ಲಿ ಮೂರನೆಯ ಸ್ಪೇಡ್ ಬಂತು, ಮತ್ತೆ ಮಾಸ್ಟ್ರು ಪಾಟ್‌ನ ಎರಡು ಪಾಲು ಮುಂದಿಟ್ಟರು. ನನ್ನ ಕೈಯಲ್ಲಿ ಎರಡು ಜೋಡಿ, ಸ್ಪೇಡ್ ಒಂದೂ ಇಲ್ಲ. ಅವರ ಆ ಅಳತೆಯೊಳಗೆ ಸುಳ್ಳು ಇರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೆ. ಬೇಕಾದದ್ದು ಶೇಕಡಾ 40. ಕಾಲ್ ಮಾಡಿದೆ. ಸ್ಪೇಡ್ ರಾಜ, ಸ್ಪೇಡ್ ರಾಣಿ. ಚಹಾ ಮಾಡಲು ನಾನು ಎದ್ದೆ.

ಮೊದಲ ಕೈಯಲ್ಲಿ ಸಿಕ್ಕಿಬಿದ್ದ ಆ ಬ್ಲಫ್ ಇಲ್ಲದಿದ್ದರೆ ಈ ಎರಡನೆಯ ಬೆಟ್‌ಗೆ ನಾನು ಫೋಲ್ಡ್ ಆಗುತ್ತಿದ್ದೆ. ಅಷ್ಟೊಂದು ಬಿಲ್ಲೆಯನ್ನು ಮಾಸ್ಟ್ರು ನಿಜದ ಮೇಲೆ ಮಾತ್ರ ಹಾಕುತ್ತಾರೆ ಅಂತ ನಂಬಿ ಬಿಟ್ಟುಕೊಡುತ್ತಿದ್ದೆ. ಈಗ ಆ ಅಳತೆಯಲ್ಲಿ ಎರಡೂ ಸೇರಿವೆ. ಮೂರು ನಿಜಕ್ಕೆ ಎರಡು ಸುಳ್ಳು ಅಂತ ಅವರು ಹದವಾಗಿ ಬೆರೆಸಿದರೆ ನನ್ನ ಯೋಚನೆಗೆ ಬೆಲೆಯೇ ಇಲ್ಲ. ಮೊದಲ ಕೈಯ ಸಂಖ್ಯೆಯಲ್ಲೇ ನೋಡಿ: ಹತ್ತು ಸಲ ಕಾಲ್ ಮಾಡಿದರೆ ನಾಲ್ಕು ಸಲ 165 ಸಿಗುತ್ತದೆ, 660. ಆರು ಸಲ 110 ಹೋಗುತ್ತದೆ, 660. ಬಿಟ್ಟರೂ ಸೊನ್ನೆ, ಕಾಲ್ ಮಾಡಿದರೂ ಸೊನ್ನೆ. ಎಷ್ಟು ಹೊತ್ತು ತಲೆ ಕೆಡಿಸಿಕೊಂಡರೂ ನನಗೆ ಅಲ್ಲಿಂದ ಏನೂ ಸಿಗುವುದಿಲ್ಲ. ಎದುರಿನವರ ಬುದ್ಧಿಯನ್ನು ಹೀಗೆ ಕೆಲಸಕ್ಕೆ ಬಾರದ ಹಾಗೆ ಮಾಡುವ ಸುಳ್ಳಿಗಿಂತ ಪೂರ್ಣವಾದ ಸುಳ್ಳು ನನಗೆ ಗೊತ್ತಿಲ್ಲ. ಅದರಲ್ಲಿ ಮೋಸ ಒಂದು ಚೂರೂ ಇಲ್ಲ. ಎಷ್ಟು ಪಾಲು ಸುಳ್ಳು ಅಂತ ಮೊದಲೇ ಹೇಳಿ ಕೂತರೂ ಅದು ನಡೆಯುತ್ತದೆ.

ಹದ ಹಿಡಿಯುವುದು ಸುಲಭವಲ್ಲ. ಆ ಮೊದಲ ಕೈಯಲ್ಲಿ ಮಾಸ್ಟ್ರ ಹತ್ತಿರ ಈ ಅಳತೆಗೆ ತಕ್ಕ ಫ್ಲಶ್ 12 ಜೋಡಿ ಇರಬಹುದು ಅಂತಿಟ್ಟುಕೊಂಡರೆ ಸುಳ್ಳಿಗೆ ಅವಕಾಶ 8 ಜೋಡಿಗೆ ಮಾತ್ರ. ಬರಿಗೈಯಾದ 10 ಮತ್ತು 9 ಒಂದೇ 15 ಜೋಡಿ. ಹಾಗಾದರೆ ಅರ್ಧದಷ್ಟನ್ನು ಸುಮ್ನೆ ಚೆಕ್ ಮಾಡಿ ಸೋಲಬೇಕು. ಯಾವ ಅರ್ಧ? ಎರಡರಲ್ಲಿ ಒಂದು ಎಲೆ ಸ್ಪೇಡ್ ಇದ್ದವನ್ನು ಬ್ಲಫ್‌ಗೆ ಇಟ್ಟುಕೊಳ್ಳಬಹುದು, ನನ್ನ ಕೈಯಲ್ಲಿ ಫ್ಲಶ್ ಇರುವ ಸಾಧ್ಯತೆ ಅಷ್ಟು ಕಡಿಮೆಯಾಗುತ್ತದೆ. ಅಂಥವು 6. ಕ್ಲಾವರ್‌ನ 10 ಮತ್ತು 9 ಆ ಪಟ್ಟಿಯಲ್ಲಿ ಬರುವುದಿಲ್ಲ. ಮಾಸ್ಟ್ರಿಗೆ ಇದನ್ನು ಕಾಗದದಲ್ಲಿ ಬರೆದು ತೋರಿಸಿದೆ. ತುಂಬಾ ಹೊತ್ತು ನೋಡಿ, "ಹಾಗಾದ್ರೆ ಅರ್ಧ ಸಲ ಬಾಯಿ ಮುಚ್ಚಿ ಕೂರ್ಬೇಕು ಅಂತ ಆಯ್ತು" ಅಂದರು. ಅರ್ಥಧಾರಿಗೆ ಅದು ಕಷ್ಟದ ಕೆಲಸ. ಅವರು ಅದನ್ನೂ ಅಭ್ಯಾಸ ಮಾಡುತ್ತಿದ್ದಾರೆ.

ನಾನೀಗ ಯೋಚಿಸುತ್ತಿರುವುದು ಮೂವರು ಉಳಿದ ಪಾಟ್‌ನ ಬಗ್ಗೆ. ಮೇಲಿನ ಲೆಕ್ಕವೆಲ್ಲ ಇಬ್ಬರದ್ದು. ನಮ್ಮ ಮೇಜಿನಲ್ಲಿ ಅಷ್ಟು ಬೇಗ ಯಾರೂ ಎಲೆ ಎಸೆಯುವುದಿಲ್ಲ, ರಿವರ್‌ವರೆಗೂ ಮೂವರು, ನಾಲ್ವರು ಇದ್ದೇ ಇರುತ್ತಾರೆ. ಎದುರಿನ ಒಬ್ಬೊಬ್ಬರೂ ಅರ್ಧ ಸಲ ಫೋಲ್ಡ್ ಆದರೆ ಇಬ್ಬರೂ ಒಟ್ಟಿಗೆ ಫೋಲ್ಡ್ ಆಗುವುದು ಸುಮಾರು ಕಾಲು ಭಾಗ ಮಾತ್ರ. ಆಗ ನಡೆದರೆ ಮೂರನೇ ಒಂದು ಪಾಟ್‌ನ ಸಣ್ಣ ಬ್ಲಫ್ ಮಾತ್ರ ಅಸಲಿಗೆ ಬರುತ್ತದೆ, ಪಾಟ್‌ನ ಎರಡು ಪಾಲು ಹಾಕಿದರೆ ನಷ್ಟ. ಆದರೆ ಸಣ್ಣ ಬೆಟ್‌ಗೆ ಯಾರು ಅರ್ಧ ಸಲ ಫೋಲ್ಡ್ ಆಗುತ್ತಾರೆ? ಅಳತೆ ಬದಲಾದರೆ ಅವರ ಉತ್ತರವೂ ಬದಲಾಗುತ್ತದೆ. ಮುಂದಿನ ಶನಿವಾರ ಮಾಸ್ಟ್ರ ಜೊತೆ ಕೂತು ಇದನ್ನೇ ಬಿಡಿಸಬೇಕು.